ನಾಲ್ಕು ವರ್ಷದವಳಿಗೊಂದು ಆಟ ಹುಡುಕುತ್ತಾ ಪುಣೆಯಲ್ಲಿ

ಹಳೆಯ ಪುಣೆಯವರಿಗೆ ಮಕ್ಕಳ ಆಟಿಕೆ ಎಂದರೆ ತುಳಶೀಬಾಗ್. ಲಕ್ಷ್ಮೀ ರಸ್ತೆಯ ನೂಕುನುಗ್ಗಲಿನಿಂದ ಒಳಗೆ ತಿರುಗಿದರೆ ಪೇಶವೆಯರ ಕಾಲದ ರಾಮ ಮಂದಿರ, ಅದರ ಸುತ್ತ ಬಳೆ, ಓಲೆ, ಪೂಜೆ ಸಾಮಾನು, ಪಾತ್ರೆಗಳ ಅಂಗಡಿ ಸಾಲು. ಅಲ್ಲಿ ‘ಭಾತುಕಲಿ’ ಸಿಗುತ್ತದೆ. ನಮ್ಮ ಕಡೆ ಅಡಿಗೆ ಆಟದ ಸಾಮಾನು ಅನ್ನುತ್ತೇವಲ್ಲ, ಅದೇ. ಪ್ಲಾಸ್ಟಿಕ್ಕಿನದೂ ಉಂಟು, ಆದರೆ ನೋಡಬೇಕಾದದ್ದು ಹಿತ್ತಾಳೆಯದು. ಹೆಬ್ಬೆರಳಿನಷ್ಟು ಬಿಂದಿಗೆ, ಅಂಗೈಯಲ್ಲಿ ಕೂರುವ ಒಲೆ, ಬೀಸುವ ಕಲ್ಲು, ಲಟ್ಟಣಿಗೆ, ಚಕ್ಕುಲಿ ಒರಳು. ಚಕ್ಕುಲಿ ಒರಳಿನ ಹಿಡಿಕೆ ನಿಜಕ್ಕೂ ತಿರುಗುತ್ತದೆ. ಹಿಟ್ಟು ಹಾಕಿದರೆ ಗೀರಿನಂಥ ಚಕ್ಕುಲಿ ಬಂದೇ ಬರುತ್ತದೆ ಎಂದು ಅಂಗಡಿಯಾತ ಆಣೆ ಮಾಡಿ ಹೇಳಿದ.

ಹೋದ ದೀಪಾವಳಿಗೆ ಮುಂಚಿನ ಶನಿವಾರ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆಗಷ್ಟೇ ಅವಳಿಗೆ ನಾಲ್ಕು ತುಂಬಿತ್ತು. ಗಾಜಿನ ಮೇಲೆ ಸಾಲಾಗಿ ಇಟ್ಟಿದ್ದ ಪಾತ್ರೆಗಳನ್ನು ಬೆರಳಿಟ್ಟು ಎಣಿಸಿದಳು. ವನ್, ಟೂ, ತ್ರೀ. ಆ ‘ತ್ರೀ’ ನನ್ನದಲ್ಲ, ಅವಳಪ್ಪನದಲ್ಲ, ಅವಳ ಟೀಚರದೂ ಅಲ್ಲ. ನಾಲಿಗೆ ಹಲ್ಲಿನ ನಡುವೆ ಸಿಕ್ಕಿಸಿಕೊಂಡು ಹೊರಡಿಸುವ ಅಮೆರಿಕದ ‘ತ್ರೀ’. ಹತ್ತು ಮುಟ್ಟಿದ ಕೂಡಲೇ ಎರಡೂ ಕೈ ಮೇಲೆತ್ತಿ ತನಗೆ ತಾನೇ ‘ಗ್ರೇಟ್ ಜಾಬ್!’ ಅಂದಳು. ಅಂಗಡಿಯಾತ ನಕ್ಕು, ‘ಹುಶಾರ್ ಆಹೆ ಪೋರಗಿ’ ಎಂದು ಒಂದು ಪುಟ್ಟ ಸೌಟು ಕೊಸರು ಕೊಟ್ಟ. ನನಗೂ ಹೆಮ್ಮೆಯಾಯಿತು. ಆದರೆ ಬಸ್ಸಿನಲ್ಲಿ ಬರುವಾಗ ಒಂದು ಪ್ರಶ್ನೆ ತಲೆಯಲ್ಲಿ ಕೂತಿತು. ನನ್ನ ಮಗಳನ್ನು ದಿನಾ ಹೀಗೆ ಶಭಾಸ್ ಅನ್ನುತ್ತಿರುವ ಈ ದನಿ ಯಾರದು?

ನಾವಿರುವುದು ವಾಕಡದಲ್ಲಿ, ಹಿಂಜವಡಿಯ ಐಟಿ ಪಾರ್ಕಿಗೆ ಹತ್ತಿರ. ನಾನು ಧಾರವಾಡದವಳು, ನನ್ನ ಯಜಮಾನರು ವಿಜಯಪುರದವರು. ಈ ಕಡೆಯ ಪುಣೆ ತುಳಶೀಬಾಗಿನ ಪುಣೆಯಲ್ಲ. ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಹನ್ನೊಂದನೇ ಮಹಡಿಯಿಂದ ಕೆಳಗಿಳಿಯುವುದರೊಳಗೆ ಮರಾಠಿ, ಹಿಂದಿ, ತೆಲುಗು, ಒಡಿಯಾ ಕಿವಿಗೆ ಬೀಳುತ್ತವೆ. ಮಕ್ಕಳೆಲ್ಲ ತಮ್ಮತಮ್ಮಲ್ಲಿ ಹಿಂದಿ-ಇಂಗ್ಲಿಷಿನ ಚಿತ್ರಾನ್ನದಲ್ಲಿ ಮಾತಾಡುತ್ತವೆ. ಪುಣೆಯ ಕನ್ನಡ ಸಂಘದವರ ಕಾವೇರಿ ಶಾಲೆಗಳು ಎರಂಡವಣೆಯ ಕಡೆ. ಬೆಳಗಿನ ಟ್ರಾಫಿಕ್ಕಿನಲ್ಲಿ ಇಲ್ಲಿಂದ ಅಲ್ಲಿಗೆ ಮಗುವನ್ನು ಕಳಿಸುವುದು ಆಗದ ಮಾತು. ಹಾಗಾಗಿ ಮನೆಯ ಹತ್ತಿರದ ಒಂದು ಪ್ಲೇಸ್ಕೂಲು. ಅಲ್ಲಿ ಒಂದು ಕಂಪ್ಯೂಟರ್ ಕೋಣೆ. ಆರು ಪರದೆ, ಇಲಿಮರಿಯಂಥ ಪುಟ್ಟ ಮೌಸುಗಳು, ವಾರಕ್ಕೆರಡು ಪಿರಿಯಡ್. ಮನೆಯಲ್ಲಿ ಅದೇ ಬಗೆಯ ಆಟಗಳು ಟ್ಯಾಬಿನ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ಮಳೆ ನೋಡಿದವರಿಗೆ ಗೊತ್ತು, ಮಗುವನ್ನು ಅಂಗಳಕ್ಕೆ ಬಿಡೋಣವೆಂದರೆ ಅಂಗಳವೇ ಇರುವುದಿಲ್ಲ.

ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಹೊಟ್ಟೆಪಾಡು. ಹಾಗಾಗಿ ಈ ಆಟಗಳನ್ನೂ ಆ ಕಣ್ಣಿನಿಂದಲೇ ನೋಡುತ್ತೇನೆ. ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಅವಕ್ಕೆ ಸಿಟ್ಟು ಬರುವುದಿಲ್ಲ. ಆನೆಯ ನೆರಳಿಗೆ ಆನೆಯನ್ನು ಜೋಡಿಸುವ ಆಟವನ್ನು ಮಗಳು ಒಂದೇ ಸಂಜೆ ಇಪ್ಪತ್ತು ಸಲ ಆಡಿದ್ದಾಳೆ. ಆ ತಾಳ್ಮೆ ಆಫೀಸಿನಿಂದ ಬಂದ ನನಗಿಲ್ಲ. ಬಣ್ಣ, ಆಕಾರ, ದೊಡ್ಡದು-ಸಣ್ಣದು ಇವೆಲ್ಲ ಅವಳಿಗೆ ಬೇಗ ಹತ್ತಿದವು. ಆದರೆ ಬಹಳಷ್ಟು ಆಟಗಳಲ್ಲಿ ಒಂದು ಲೋಪ ಉಂಟು. ನಾಲ್ಕು ಚಿತ್ರ ತೋರಿಸಿ ‘ಇದರಲ್ಲಿ ಮಾವಿನಹಣ್ಣು ಯಾವುದು’ ಎಂದು ಕೇಳುತ್ತದೆ. ತಪ್ಪು ಮುಟ್ಟಿದರೆ ಏನೂ ನಷ್ಟವಿಲ್ಲ, ‘ಟುಂಯ್’ ಎಂದು ಸದ್ದಾಗುತ್ತದೆ ಅಷ್ಟೇ. ಹಾಗಾಗಿ ಮಗು ನಾಲ್ಕನ್ನೂ ಪಟಪಟ ಮುಟ್ಟುತ್ತದೆ. ಒಂದು ಸರಿಯಾಗುತ್ತದೆ, ನಕ್ಷತ್ರಗಳು ಉದುರುತ್ತವೆ, ‘ಗ್ರೇಟ್ ಜಾಬ್!’. ನಮ್ಮ ಕೆಲಸದಲ್ಲಿ ಹೀಗೆ ಸುಮ್ಮನೆ ಎಲ್ಲ ಗುಂಡಿ ಒತ್ತಿ ನೋಡುವುದಕ್ಕೆ ‘ಮಂಕಿ ಟೆಸ್ಟಿಂಗ್’ ಅನ್ನುತ್ತಾರೆ. ತಿಂಗಳ ಕೊನೆಗೆ ಆ್ಯಪು ಮಾತ್ರ ‘ನಿಮ್ಮ ಮಗು ನಲವತ್ತು ಹಣ್ಣುಗಳನ್ನು ಗುರುತಿಸಿದೆ’ ಎಂದು ತಾಯಿಗೆ ವರದಿ ಕಳಿಸುತ್ತದೆ.

ಎಷ್ಟು ಹೊತ್ತು ಆಡಿಸಬಹುದು ಎನ್ನುವುದರಲ್ಲಿ ಗೊಂದಲವೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ: ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಅಕಾಡೆಮಿ ಕೂಡ ಎರಡರಿಂದ ಐದು ವರ್ಷಕ್ಕೆ ಒಂದು ಗಂಟೆಯ ಮಿತಿ ಹಾಕಿದೆ, ಅದೂ ದೊಡ್ಡವರ ಕಣ್ಣೆದುರು. ನಮ್ಮ ಮನೆಯಲ್ಲಿ ಅರ್ಧ ಗಂಟೆ. ನನ್ನ ಚಿಂತೆ ಹೊತ್ತಿನದಲ್ಲ, ಆ ಅರ್ಧ ಗಂಟೆಯಲ್ಲಿ ಯಾರು ಮಾತಾಡುತ್ತಾರೆ ಎನ್ನುವುದು.

ಸಂಕ್ರಾಂತಿಗೆ ಧಾರವಾಡದಿಂದ ಅವ್ವ ಬಂದಳು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ‘ಆಯಿ’ ಅನ್ನುತ್ತಾರೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಪ್ಲೇಸ್ಕೂಲಿನ ಬಾಗಿಲಲ್ಲಿ ನನ್ನನ್ನು ಕಂಡು ಟೀಚರ್ ‘ಆಯೀ ಆಲೀ’ ಎಂದಾಗೆಲ್ಲ ಮಗಳು ತಿದ್ದುತ್ತಿದ್ದಳು, ‘ಆಯಿ ಧಾರವಾಡದಾಗ ಅದಾಳ’. ಈಗ ಆ ಆಯಿಯೇ ಬಂದಿದ್ದಾಳೆ. ಮೊದಲ ದಿನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳು ಕಟ್ಟೆಯ ಪಕ್ಕ ಸ್ಟೂಲಿನ ಮೇಲೆ ನಿಂತು ನೋಡಿ, ರೊಟ್ಟಿ ಹಂಚಿನ ಮೇಲೆ ಬಿದ್ದ ಕೂಡಲೇ ಕೈಯೆತ್ತಿ, ‘ಗ್ರೇಟ್ ಜಾಬ್, ಆಯಿ!’ ಅಂದಳು.

ಅವ್ವ ನನ್ನ ಮುಖ ನೋಡಿದಳು. ‘ಏನಂತ?’

‘ಛಲೋ ಮಾಡಿದಿ ಅಂತಾಳ.’

‘ಹಂಗಂತ ಅಂದ್ರ ಆತಿಲ್ಲೋ? ಬಾಯಾಗ ಬರಂಗಿಲ್ಲೇನು?’

ಬಾಯಲ್ಲಿ ಬರುತ್ತದೆ. ಊಟ, ಸ್ನಾನ, ನಿದ್ದೆ, ಹಟ ಎಲ್ಲವೂ ಅವಳಿಗೆ ಕನ್ನಡದಲ್ಲೇ. ಆದರೆ ಎಣಿಸುವುದು, ಬಣ್ಣ ಹೇಳುವುದು, ಗೆದ್ದೆ ಅನ್ನುವುದು, ಶಭಾಸ್‌ಗಿರಿ ಇವೆಲ್ಲ ಇಂಗ್ಲಿಷಿಗೆ ಹೋಗಿಬಿಟ್ಟಿವೆ. ಹೊರನಾಡಿನಲ್ಲಿರುವ ನಮ್ಮಂಥವರ ಮನೆಗಳಲ್ಲಿ ಕನ್ನಡ ಒಮ್ಮೆಲೇ ಹೋಗುವುದಿಲ್ಲ. ಬುದ್ಧಿಯ ಕೆಲಸಗಳೆಲ್ಲ ಒಂದೊಂದಾಗಿ ಬೇರೆ ಭಾಷೆಗೆ ವರ್ಗವಾಗಿ, ಕೊನೆಗೆ ಕನ್ನಡದ ಪಾಲಿಗೆ ‘ಬಾ, ಉಣ್ಣು, ಮಲಕೋ’ ಮಾತ್ರ ಉಳಿಯುತ್ತದೆ. ಅದು ನಾಲ್ಕನೇ ವರ್ಷದಲ್ಲೇ ಶುರುವಾಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಹಾಗಾದರೆ ಕನ್ನಡದ ಆಟಗಳನ್ನೇ ಹಾಕಿಕೊಂಡರಾಯಿತು ಎನ್ನಬಹುದು. ಹಾಕಿಕೊಂಡೆವು. ಐದಾರು ತರಹದವು. ಬಹುಪಾಲು ಇಂಗ್ಲಿಷ್ ಆಟಕ್ಕೆ ಕನ್ನಡದ ಅಂಗಿ ತೊಡಿಸಿದಂಥವು. ಎ ಫಾರ್ ಆ್ಯಪಲ್ ಇದ್ದಲ್ಲಿ ಅ ಅರಸ, ಅಕ್ಷರದ ಮೇಲೆ ಬೆರಳು ತಿದ್ದು, ಪಟಾಕಿ. ಅಕ್ಷರ ತಿದ್ದುವವರೆಗೆ ಪರವಾಗಿಲ್ಲ, ಪದ ಕಟ್ಟುವ ಆಟಕ್ಕೆ ಬಂದ ಕೂಡಲೇ ಬಂಡಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಮೂರು ಚೌಕ, ಮೂರು ಅಕ್ಷರ ಎಳೆದು ತಂದು ಕೂರಿಸಿದರೆ ‘ಕ್ಯಾಟ್’ ಆಗುತ್ತದೆ. ಕನ್ನಡದಲ್ಲಿ ಗುಣಿತದ ಗುರುತು ತಲೆಯ ಮೇಲೆ ಕೂರುತ್ತದೆ, ಬಲಕ್ಕೆ ಬಾಲವಾಗುತ್ತದೆ. ಒತ್ತು ಕಾಲ ಕೆಳಗೆ ಹೋಗುತ್ತದೆ. ಅದನ್ನು ಯಾವ ಚೌಕದಲ್ಲಿ ಕೂರಿಸುವುದು?

ಇದರ ತಮಾಷೆ ಒಂದು ರಾತ್ರಿ ಮಗಳನ್ನು ಮಲಗಿಸುವಾಗ ಹೊಳೆಯಿತು. ಮಗುವಿಗೆ ಮೊದಲು ಬರುವ ಪದಗಳನ್ನು ನೋಡಿ: ಅಮ್ಮ, ಅಪ್ಪ, ಅವ್ವ, ಅಕ್ಕ, ಅಣ್ಣ, ಅಜ್ಜ, ಅತ್ತೆ. ಒಂದೂ ಬಿಡದಂತೆ ಎಲ್ಲದರಲ್ಲೂ ಒತ್ತಕ್ಷರ! ಬಾಯಿಗೆ ಎಲ್ಲಕ್ಕಿಂತ ಸುಲಭವಾದದ್ದು ಬರವಣಿಗೆಯಲ್ಲಿ ಎಲ್ಲಕ್ಕಿಂತ ಕೊನೆಯ ಪಾಠ. ಇಂಗ್ಲಿಷ್ ಆಟದ ಮೊದಲ ಪುಟದಲ್ಲೇ ‘ಮಾಮ್’ ಬರುತ್ತಾಳೆ; ಕನ್ನಡದ ಅಮ್ಮ ಒತ್ತಕ್ಷರದ ತನಕ ಕಾಯಬೇಕು. ನಮ್ಮ ಶಾಲೆಯವರು ಈ ಕಷ್ಟವನ್ನು ಬಹಳ ಹಿಂದೆಯೇ ಬಿಡಿಸಿಕೊಂಡಿದ್ದರು. ಕರ್ನಾಟಕದ ಒಂದನೇ ತರಗತಿಯ ಪುಸ್ತಕದಲ್ಲಿ ಅ ಆ ಇ ಈ ಬಿಟ್ಟು ರ ಗ ಸ ದ ಅ ಎಂದು ಕಲಿತವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಆ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲ ಹುಟ್ಟುತ್ತವೆ. ಗುಣಿತ ಬೇಡ, ಒತ್ತು ಬೇಡ, ಎಲ್ಲವೂ ನೇರ ಸಾಲಿನಲ್ಲಿ ಕೂರುತ್ತವೆ. ಕಂಪ್ಯೂಟರ್ ಆಟಕ್ಕೆ ಹೇಳಿ ಮಾಡಿಸಿದ ಏರ್ಪಾಡು. ನಾನು ಇಳಿಸಿಕೊಂಡ ಆಟಗಳಲ್ಲಿ ಒಂದರಲ್ಲೂ ಇದು ಕಾಣಲಿಲ್ಲ. ಎಲ್ಲಕ್ಕೂ ಅರಸನಿಂದಲೇ ಶುರು, ನಾಲ್ಕು ವರ್ಷದ ಮಗುವಿಗೆ ಋಷಿಯೂ ಬೇಕು.

ಈ ಅಕ್ಷರಗಳ ಕಥೆಗೂ ಪುಣೆಗೂ ಹಳೆಯ ನಂಟು. ಫೆಬ್ರುವರಿ 28, ರಾಷ್ಟ್ರೀಯ ವಿಜ್ಞಾನ ದಿನ. ಗಣೇಶಖಿಂಡಿನಲ್ಲಿ ಪುಣೆ ವಿದ್ಯಾಪೀಠದ ಆವರಣದಲ್ಲಿರುವ ಖಗೋಳ ವಿಜ್ಞಾನ ಕೇಂದ್ರ ಅಯುಕಾ ಆ ದಿನ ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಅವ್ವನನ್ನೂ ಮಗಳನ್ನೂ ಕರೆದುಕೊಂಡು ಹೊರಟೆ. ಮೆಟ್ರೊ ಕೆಲಸದಿಂದ ವರ್ಷಗಟ್ಟಲೆ ನಲುಗಿದ ವಿದ್ಯಾಪೀಠ ಚೌಕ ದಾಟಿ ಗೇಟಿನ ಒಳಗೆ ಕಾಲಿಟ್ಟರೆ ಊರು ಒಮ್ಮೆಲೇ ತಣ್ಣಗಾಗುತ್ತದೆ. ಆಲದ ಮರಗಳು, ಒಣಗಿದೆಲೆಯ ಸದ್ದು. ಸಿ-ಡ್ಯಾಕ್‌ನ ಹಳೆಯ ವಿಳಾಸವೂ ಈ ಆವರಣವೇ. 1988ರಲ್ಲಿ ವಿಜಯ ಭಟ್ಕರ್ ಅವರ ಮುಂದಾಳ್ತನದಲ್ಲಿ ಶುರುವಾದ ಆ ಸಂಸ್ಥೆಯ ಹೆಸರು ಹೇಳಿದರೆ ಎಲ್ಲರಿಗೂ 1991ರ ಪರಮ್ ಸೂಪರ್ ಕಂಪ್ಯೂಟರ್ ನೆನಪಾಗುತ್ತದೆ. ನನಗೆ ಹೆಚ್ಚು ಬೆಲೆಯುಳ್ಳದ್ದು ಇನ್ನೊಂದು ಕೆಲಸ. ಐಐಟಿ ಕಾನ್ಪುರದಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನವನ್ನು ಬೆಳೆಸಿ, ಭಾರತದ ಲಿಪಿಗಳೆಲ್ಲ ಕಂಪ್ಯೂಟರಿನಲ್ಲಿ ಓಡಾಡುವಂತೆ ಮಾಡಿದವರು ಇವರು. ಇದೇ ಧಾಟಿಯಲ್ಲಿ ಇವತ್ತಿಗೂ ಕಂಪ್ಯೂಟರು ‘ಅಮ್ಮ’ ಎನ್ನುವುದನ್ನು ಅ, ಮ, ಅರ್ಧಾಕ್ಷರದ ಗುರುತು, ಮತ್ತೊಂದು ಮ ಎಂದು ನಾಲ್ಕು ತುಂಡಾಗಿ ನೆನಪಿಟ್ಟುಕೊಂಡು, ತೋರಿಸುವಾಗ ಒತ್ತನ್ನು ತಾನೇ ಕೆಳಗೆ ಕೂರಿಸುತ್ತದೆ. ಅಂದರೆ ಯಂತ್ರಕ್ಕೆ ಒತ್ತಕ್ಷರ ಗೊತ್ತಾಗಿ ಮೂವತ್ತು ವರ್ಷದ ಮೇಲಾಯಿತು. ಆಟ ಮಾಡುವವರು ಇನ್ನೂ ಮೂರು ಚೌಕದಲ್ಲೇ ಇದ್ದಾರೆ.

ಅಯುಕಾ ಕಟ್ಟಡ ಚಾರ್ಲ್ಸ್ ಕೊರಿಯಾ ಅವರದು. ಕಪ್ಪು ಕಲ್ಲಿನ ಗೋಡೆಗಳ ನಡುವಿನ ಅಂಗಳದಲ್ಲಿ ಆರ್ಯಭಟ, ಗೆಲಿಲಿಯೊ, ನ್ಯೂಟನ್, ಐನ್‌ಸ್ಟೈನ್ ಪ್ರತಿಮೆಗಳು. ಅವ್ವ ಆರ್ಯಭಟನಿಗೆ ಕೈಮುಗಿದಳು, ಉಳಿದವರಿಗೆ ಇಲ್ಲ. ನಾವು ಹೋಗಬೇಕಾಗಿದ್ದು ‘ಮುಕ್ತಾಂಗಣ ವಿಜ್ಞಾನ ಶೋಧಿಕಾ’ಕ್ಕೆ. ಮಕ್ಕಳ ಈ ಕೇಂದ್ರಕ್ಕೆ ಹಣ ಬಂದದ್ದು ಮರಾಠಿಯ ದೊಡ್ಡ ಲೇಖಕ ಪು. ಲ. ದೇಶಪಾಂಡೆ ಅವರ ಪ್ರತಿಷ್ಠಾನದಿಂದ; ಕಟ್ಟಡದ ಹೆಸರು ‘ಪುಲಸ್ತ್ಯ’. ಸಪ್ತರ್ಷಿ ಮಂಡಲದ ನಕ್ಷತ್ರವೂ ಆಯಿತು, ಅದರೊಳಗೆ ಪು. ಲ. ಕೂಡ ಬಂದರು. ಇಂಥ ಚಮತ್ಕಾರ ಪುಣೆಯವರಿಗೇ ಹೊಳೆಯಬೇಕು.

ಇಲ್ಲಿ 2014ರ ತನಕ ಹತ್ತು ವರ್ಷದ ಮೇಲೆ ಕೆಲಸ ಮಾಡಿದವರು ಅರವಿಂದ ಗುಪ್ತಾ. ಐಐಟಿ ಕಾನ್ಪುರದ ಎಂಜಿನಿಯರ್, ಟೆಲ್ಕೊದಲ್ಲಿ ಕೆಲಸ. 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. ಅಲ್ಲಿಂದ ಬಂದದ್ದು ಅವರ ಪ್ರಸಿದ್ಧ ಕಡ್ಡಿ ಆಟ. ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸುವುದು. ಮೂರು ಕಡ್ಡಿಯ ತ್ರಿಕೋನ ಗಟ್ಟಿಯಾಗಿ ನಿಲ್ಲುತ್ತದೆ, ನಾಲ್ಕು ಕಡ್ಡಿಯ ಚೌಕ ಕುಸಿಯುತ್ತದೆ. ಸೇತುವೆಗಳಲ್ಲಿ ಯಾಕೆ ತ್ರಿಕೋನ ಇರುತ್ತವೆ ಎನ್ನುವುದಕ್ಕೆ ಇದಕ್ಕಿಂತ ಪಾಠ ಬೇಕಿಲ್ಲ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಆಟಿಕೆಗಳು ದೊಡ್ಡ ಮಕ್ಕಳಿಗೆಂದು ಮಾಡಿದವು, ನಾಲ್ಕು ವರ್ಷದವಳಿಗಲ್ಲ. ಆದರೂ ಸ್ಟ್ರಾ ಪೀಪಿಯ ಮೇಜು ಬಿಟ್ಟು ಅವಳು ಏಳಲಿಲ್ಲ. ಸ್ವಯಂಸೇವಕ ಹುಡುಗನೊಬ್ಬ ಸ್ಟ್ರಾದ ತುದಿಯನ್ನು ಚಪ್ಪಟೆ ಮಾಡಿ, ಎರಡು ಕಡೆ ಓರೆಯಾಗಿ ಕತ್ತರಿಸಿ ಊದಿದ. ಊದುತ್ತಲೇ ಇನ್ನೊಂದು ತುದಿಯನ್ನು ಕತ್ತರಿಯಿಂದ ಕಚಕ್ ಕಚಕ್ ಎಂದು ಕತ್ತರಿಸುತ್ತಾ ಬಂದ. ಸ್ಟ್ರಾ ಗಿಡ್ಡವಾದಷ್ಟೂ ದನಿ ಸಣ್ಣಗಾಗುತ್ತಾ ಹೋಯಿತು. ‘ದೊಡ್ಡದು ಎಮ್ಮಿ, ಸಣ್ಣದು ಕರು’ ಎಂದು ಅವ್ವ ಹೇಳಿದ್ದೇ ತಡ, ಮಗಳು ಮನೆ ಮುಟ್ಟುವವರೆಗೂ ಎಮ್ಮೆ, ಕರು, ಎಮ್ಮೆ, ಕರು. ಗ್ರೇಟ್ ಜಾಬ್ ಅನ್ನಲು ಪುರುಸೊತ್ತೇ ಇರಲಿಲ್ಲ.

ಇದನ್ನು ಓದಿ, ಕಂಪ್ಯೂಟರ್ ಬಿಸಾಕಿ ಕಡ್ಡಿ ಹಿಡಿಯಿರಿ ಎನ್ನುತ್ತಿದ್ದಾಳೆ ಅಂದುಕೊಳ್ಳಬೇಡಿ. ಅರವಿಂದ ಗುಪ್ತಾರ ಆಟಿಕೆಗಳು ಲೋಕವೆಲ್ಲ ಹಬ್ಬಿದ್ದು ಇಂಟರ್‌ನೆಟ್ಟಿನ ಮೂಲಕವೇ. ಮಕ್ಕಳಿಗಾಗಿ 1967ರಲ್ಲಿ ಲೋಗೊ ಎಂಬ ಕಂಪ್ಯೂಟರ್ ಭಾಷೆ ಕಟ್ಟಿದವರಲ್ಲಿ ಒಬ್ಬರಾದ ಸೀಮೋರ್ ಪ್ಯಾಪರ್ಟ್, ತನ್ನ ಗಣಿತದ ಪ್ರೀತಿ ಹುಟ್ಟಿದ್ದು ಎಳೆಯ ವಯಸ್ಸಿನಲ್ಲಿ ಹಲ್ಲುಚಕ್ರಗಳೊಡನೆ ಆಡುವಾಗ ಎಂದು ಬರೆದಿದ್ದಾರೆ. ಅವರ ವಾದ ಇಷ್ಟೇ: ಯಂತ್ರ ಮಗುವನ್ನು ಆಡಿಸಬಾರದು, ಮಗು ಯಂತ್ರವನ್ನು ಆಡಿಸಬೇಕು. ನಮ್ಮ ಕರ್ನಾಟಕದಲ್ಲೂ ಇದರ ದೊಡ್ಡ ಪ್ರಯೋಗ ಆಗಿದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2000ದ ದಶಕದಲ್ಲಿ ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರ್ ಕಲಿಕಾ ಕೇಂದ್ರ ಮಾಡಿ, ಪಾಠಗಳನ್ನು ಆಟವಾಗಿಸಿದ ಸಿ.ಡಿ.ಗಳನ್ನು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ತಂದಿತ್ತು. ಕೊನೆಗೆ ಆ ದಾರಿ ಬಿಟ್ಟಿತು. ಅದರ ಮುಖ್ಯಸ್ಥರಲ್ಲಿ ಒಬ್ಬರಾದ ಅನುರಾಗ್ ಬೆಹರ್ 2010ರಲ್ಲಿ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಬರೆದರು: ಶಿಕ್ಷಣದ ಮೂಲ ಸಮಸ್ಯೆಗಳನ್ನು ಕಂಪ್ಯೂಟರ್ ಬಗೆಹರಿಸದು, ಶಿಕ್ಷಕರೇ ಮುಖ್ಯ. ತನ್ನ ಹಣ ಹಾಕಿದ ಕೆಲಸದ ಬಗ್ಗೆ ಹೀಗೆ ಹೇಳುವವರು ಕಡಿಮೆ.

ಮನೆಗೆ ಬಂದ ಮೇಲೆ ನಾನು ಹಳೆಯ ಲ್ಯಾಪ್‌ಟಾಪ್ ಹೊರತೆಗೆದೆ. ಅದರಲ್ಲಿ ಎರಡು ಹಾಕಿದೆ, ಎರಡೂ ಉಚಿತ, ಜಾಹೀರಾತಿಲ್ಲದವು. ಒಂದು ಜಿಕಾಂಪ್ರಿ. 2000ದಲ್ಲಿ ಫ್ರಾನ್ಸಿನ ಬ್ರೂನೊ ಕುದುವಾಂ ಎಂಬ ಪ್ರೋಗ್ರಾಮರ್ ಶುರುಮಾಡಿದ್ದು, ಎರಡರಿಂದ ಹತ್ತು ವರ್ಷದ ಮಕ್ಕಳಿಗೆ ನೂರಕ್ಕೂ ಮೇಲೆ ಆಟಗಳು. ಹೆಸರನ್ನು ಫ್ರೆಂಚಿನಲ್ಲಿ ಹೇಳಿದರೆ ‘ನನಗೆ ಅರ್ಥವಾಯಿತು’ ಎಂದು ಕೇಳುತ್ತದಂತೆ. ಅದರ ಎಳೆಯರ ಆಟಗಳು ಬಹಳ ಸರಳ. ಮೌಸ್ ಆಡಿಸಿದಲ್ಲಿ ಪರದೆ ಅಳಿಸಿ ಹಿಂದಿನ ಪ್ರಾಣಿಯ ಚಿತ್ರ ಕಾಣುತ್ತದೆ. ಇನ್ನೊಂದರಲ್ಲಿ ಅಕ್ವೇರಿಯಂ, ಮೀನುಗಳು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುವುದರೊಳಗೆ ಮುಟ್ಟಿ ಹಿಡಿಯಬೇಕು. ಅಷ್ಟೇ.

ಶುರುವಿಗೆ ಅದೂ ಏನೋ ವಾದ್ಯ ಬಾರಿಸುತ್ತಿತ್ತು. ಅವ್ವನಿಗೆ ತಡೆಯಲಿಲ್ಲ. ‘ಒಂದ ಸವನ ಒದರತೈತಲ್ಲ ಇದು, ಬಾಯಿ ಮುಚ್ಚಸು ಮೊದಲ’ ಅಂದಳು. ದನಿ ಬಂದ್ ಮಾಡಿದೆ. ಪರದೆ ಮೂಕವಾಯಿತು. ಸುಮ್ಮನೆ ಕೂಡುವುದು ಅವ್ವನ ಜಾಯಮಾನವಲ್ಲ. ‘ಅಗೋ, ಕೆಂಪ ಮೀನ ಬಂತು. ಹಿಡಿ ಹಿಡಿ ಹಿಡಿ... ಏ, ಓಡೇ ಹೋತು! ಬಿಡು, ಹಿಂದ ಇನ್ನೊಂದು ಐತಿ, ಹಳದಿದು, ಅದರ ಬಾಲಾ ನೋಡು ನಿಮ್ಮಪ್ಪನ ಟೈ ಇದ್ದಂಗ ಐತಿ.’ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಅದು ಎಲ್ಲಿಗೆ ಹೋತು ಆಯಿ?’ ‘ಅವರವ್ವ ಉಣ್ಣಾಕ ಕರದಳು, ಹೋತು.’ ಆಟ ಮಾಡಿದವನು ಬರೆಯದ ಒಂದು ಇಡೀ ಸಂಸಾರ ಆ ತೊಟ್ಟಿಯೊಳಗೆ ಹುಟ್ಟಿಕೊಂಡಿತು. ಎಷ್ಟು ಹಿಡಿದಳು ಎಂದು ಲೆಕ್ಕ ಇಟ್ಟದ್ದೂ ಅವ್ವನೇ, ಒಂದು ಎರಡು ಮೂರು ಎಂದು. ನಾಲ್ಕೈದು ದಿನದಲ್ಲಿ ಮಗಳು ಹನ್ನೆರಡರ ತನಕ ಕನ್ನಡದಲ್ಲಿ ಎಣಿಸತೊಡಗಿದಳು. ಹನ್ನೊಂದನ್ನು ‘ಹತ್ತೊಂದು’ ಅನ್ನುತ್ತಾಳೆ, ನಾನು ತಿದ್ದಿಲ್ಲ.

ಎರಡನೆಯದು ಟಕ್ಸ್ ಪೇಂಟ್, 2002ರಲ್ಲಿ ಬಿಲ್ ಕೆಂಡ್ರಿಕ್ ಶುರುಮಾಡಿದ ಚಿತ್ರ ಬಿಡಿಸುವ ಪ್ರೋಗ್ರಾಂ. ಸರಿ-ತಪ್ಪು ಇಲ್ಲ, ನಕ್ಷತ್ರ ಇಲ್ಲ. ಮಗು ಗೀಚುತ್ತದೆ, ಮುದ್ರೆ ಒತ್ತುತ್ತದೆ, ಮಳೆಬಿಲ್ಲು ಎಳೆಯುತ್ತದೆ. ಅದರ ಗುಂಡಿಗಳ ಹೆಸರು ಕನ್ನಡದಲ್ಲೂ ಬರುತ್ತವೆ. ಓದು ಬಾರದ ನಾಲ್ಕು ವರ್ಷದವಳಿಗೆ ಅದರಿಂದ ಏನು ಪ್ರಯೋಜನ ಎಂದುಕೊಂಡೇ ಹಾಕಿದ್ದೆ. ಅದನ್ನು ಓದಿದ್ದು ಅವ್ವ. ಕನ್ನಡಕ ಏರಿಸಿಕೊಂಡು ಒಂದೊಂದೇ ಓದಿ ಹೇಳುವುದು, ಮಗಳು ಒತ್ತುವುದು. ಅರವತ್ತಾರು ವರ್ಷದ ಅವ್ವ ತನ್ನ ಜೀವಮಾನದಲ್ಲಿ ಮೊದಲ ಸಲ ಕಂಪ್ಯೂಟರಿನ ಮುಂದೆ ಕೂತದ್ದು ಹಾಗೆ. ಪುಟ್ಟ ಮಕ್ಕಳ ಆಟಕ್ಕೆ ಕನ್ನಡ ಬೇಕಾಗಿರುವುದು ಮಗುವಿಗಿಂತ ಹೆಚ್ಚಾಗಿ ಪಕ್ಕದಲ್ಲಿ ಕೂರುವವರಿಗೆ ಎಂದು ಯಾವ ಕಂಪನಿಯ ಮೀಟಿಂಗಿನಲ್ಲೂ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಗಿರಾಕಿ ಎಂದರೆ ಒಂದು ಮಗು, ಒಂದು ಪರದೆ, ದೂರದಲ್ಲಿ ದುಡ್ಡು ಕೊಡುವ ತಾಯಿ ಎಂದೇ ಎಲ್ಲರ ಎಣಿಕೆ.

2003ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಿ ಭಾಷೆ ಕೇಳಿಸಿದರು. ಎದುರು ಕೂತು ಆಡಿಸುತ್ತಾ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಸದ್ದು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು ಟಿವಿ ಪರದೆಯಲ್ಲಿ ಬಂದಾಗ ಕಲಿಯಲಿಲ್ಲ. ನನ್ನ ಮಗಳು ಕೂಸಲ್ಲ, ಪರದೆಯಿಂದಲೂ ಕಲಿಯುತ್ತಾಳೆ, ‘ತ್ರೀ’ ಕಲಿತದ್ದು ಹಾಗೆಯೇ. ಆದರೆ ಮೀನಿನ ಅವ್ವ ಉಣ್ಣಲು ಕರೆದದ್ದು ಪರದೆಯಿಂದ ಬಂದದ್ದಲ್ಲ.

ಯುಗಾದಿ ಮುಗಿಸಿಕೊಂಡು ಅವ್ವ ಧಾರವಾಡಕ್ಕೆ ಹೋದಳು. ಈಗ ಮೀನಿನ ಆಟಕ್ಕೆ ನಾನು ಕೂರುತ್ತೇನೆ, ಭಾನುವಾರ ಅವರಪ್ಪ. ಅವ್ವನಷ್ಟು ಸುಳ್ಳು ನಮಗೆ ಹೊಳೆಯುವುದಿಲ್ಲ. ಹೋದ ವಾರದಿಂದ ಎದುರು ಮನೆಯ ಮರಾಠಿ ಹುಡುಗನೂ ಬರುತ್ತಾನೆ, ಮಗಳ ಓರಗೆಯವನು. ಅವನು ‘ಮಾಸಾ, ಮಾಸಾ’ ಎಂದು ಕೂಗುತ್ತಾನೆ, ಇವಳು ‘ಮೀನ’ ಅನ್ನುತ್ತಾಳೆ. ನಡುವೆ ಯಾರೂ ಹಿಂದಿಗೆ ಇಳಿಯುವುದಿಲ್ಲ, ಅದೇ ನನಗೆ ಸೋಜಿಗ. ಮೊನ್ನೆ ಲಿಫ್ಟಿನಲ್ಲಿ ಅವನ ತಾಯಿ ಸಿಕ್ಕಿದರು. ‘ಒಂದು ಕೇಳಬೇಕಿತ್ತು. ಇವನು ಊಟಕ್ಕೆ ಕರೆದರೆ ಓಡುತ್ತಾನೆ, ಓಡುತ್ತಾ ಏನೋ ಕೂಗುತ್ತಾನೆ. ಓಡೇ ಹೋತು ಮ್ಹಣಜೆ ಕಾಯ್?’ ಅಂದರು.

‘ಪಳೂನ್ ಗೇಲಾ,’ ಅಂದೆ.

‘ಕೋಣ್?’

‘ಮಾಸಾ.’